ಹೆಬ್ಬೆಟ್ಟು ಮತ್ತು ಸೂಜಿ

ಒಬ್ಬ ಮನುಷ್ಯ 'ಆಗ್ಲಿ' ಅಂದ ಮಾತ್ರಕ್ಕೆ ಅದನ್ನು ಅವನ ಒಪ್ಪಿಗೆ ಎಂದು ಕರೆಯಬಹುದೆ? ತತ್ವಶಾಸ್ತ್ರದ ಮೇಷ್ಟ್ರಿಗೆ ಇದು ಪರೀಕ್ಷೆಗೆ ಬರುವ ಪ್ರಶ್ನೆ. ನಮ್ಮ ಕೇರಿಗಳಿಗೆ ಇದು ತಲೆಮಾರುಗಳ ಪ್ರಶ್ನೆ. ಜೀತಕ್ಕಿದ್ದವನೂ ಒಪ್ಪಿಯೇ ಇದ್ದ. ಒಡೆಯನ ಜಗಲಿಯ ಕೆಳಗೆ ನಿಂತು, ಮದುವೆಯ ಸಾಲಕ್ಕೆ ಹೆಬ್ಬೆಟ್ಟು ಒತ್ತಿ, ಎಂಟು ವರ್ಷದ ಮಗನನ್ನು ಕೊಟ್ಟಿಗೆಗೆ ಬಿಟ್ಟು ಬಂದವನ ಕುತ್ತಿಗೆ ಮೇಲೆ ಯಾರೂ ಮಚ್ಚು ಇಟ್ಟಿರಲಿಲ್ಲ. 'ಅವನಾಗಿ ಬಂದ, ಅವನಾಗಿ ಒಪ್ಪಿದ' ಎಂಬುದೇ ಜೀತ ಇಟ್ಟುಕೊಂಡವರ ವಾದ. 1976ರ ಜೀತ ನಿರ್ಮೂಲನ ಕಾಯಿದೆ ಆ ವಾದವನ್ನು ಒಪ್ಪಲಿಲ್ಲ. ಅಂಥ ಕರಾರುಗಳೆಲ್ಲ ಅಸಿಂಧು ಎಂದಿತು. ಬೇರೆ ದಾರಿ ಇಲ್ಲದವನು ಹೇಳಿದ 'ಹೂಂ' ಹೂಂ ಅಲ್ಲ ಅಂತ ಈ ದೇಶದ ಕಾನೂನೇ ಬರೆದುಕೊಂಡಿದೆ. ಆದರೆ ಅದು ಹೊಲ ಗದ್ದೆಯ ಮಟ್ಟಿಗೆ. ಬಡ ಹೆಂಗಸಿನ ಮೈ ವಿಷಯಕ್ಕೆ ಬಂದಾಗ ಹೆಬ್ಬೆಟ್ಟು ಇವತ್ತಿಗೂ ಒಪ್ಪಿಗೆಯೇ.

ನಾನಿಲ್ಲಿ ಹೇಳಹೊರಟಿರೋದು ಒಂದು ಸೂಜಿಮದ್ದಿನ ವಿಷಯ. ಬಸುರಿ ಹೆಂಗಸಿನ ಮೈಯಲ್ಲಿ ಪ್ರೊಜೆಸ್ಟಿರಾನ್ ಎಂಬ ಹಾರ್ಮೋನು ಹೆಚ್ಚಾಗಿರುತ್ತದೆ. ಆ ಬಸುರು ಇರುವ ತನಕ ಇನ್ನೊಂದು ಅಂಡ ಹೊರಬರದಂತೆ ನೋಡಿಕೊಳ್ಳುವುದು ಅದರ ಕೆಲಸಗಳಲ್ಲಿ ಒಂದು. ಇದೇ ಕೆಲಸ ಮಾಡುವಂತೆ ಪ್ರಯೋಗಶಾಲೆಯಲ್ಲಿ ತಯಾರಾದ ವಸ್ತುಗಳಿಗೆ ಪ್ರೊಜೆಸ್ಟಿನ್ ಅಂತ ಹೆಸರು. 1951ರಲ್ಲಿ ಮೆಕ್ಸಿಕೋ ನಗರದ ಸಿಂಟೆಕ್ಸ್ ಕಂಪನಿಯಲ್ಲಿ ಕಾರ್ಲ್ ಜೆರಾಸಿ, ಜಾರ್ಜ್ ರೋಸನ್‌ಕ್ರಾನ್ಜ್, ಲೂಯಿಸ್ ಮಿರಾಮೋಂಟೆಸ್ ಎಂಬುವರು ನೊರೆಥಿಸ್ಟೆರೋನ್ ಎಂಬ ಪ್ರೊಜೆಸ್ಟಿನ್ ತಯಾರಿಸಿದರು. ಅದಕ್ಕೆ ಕಚ್ಚಾ ಮಾಲು ಕಾಡುಗೆಣಸು. ದಕ್ಷಿಣ ಮೆಕ್ಸಿಕೋದ ಕಾಡುಗಳಲ್ಲಿ ಬೆನ್ನು ಬಗ್ಗಿಸಿ ಆ ಗೆಡ್ಡೆ ಅಗೆದವರು ಬಡ ರೈತರು, ಕೂಲಿಗಳು. ಜೆರಾಸಿಯ ಹೆಸರು ಪುಸ್ತಕದಲ್ಲಿದೆ. ಗೆಡ್ಡೆ ಅಗೆದವರ ಹೆಸರು ಇಲ್ಲ. ಇದು ಹೊಸದೇನಲ್ಲ, ಮುಂದೆ ಹೋಗೋಣ.

1956ರಲ್ಲಿ ಇನ್ನೊಂದು ಪ್ರೊಜೆಸ್ಟಿನ್ ಇದ್ದ ಎನೋವಿಡ್ ಎಂಬ ಮಾತ್ರೆಯ ದೊಡ್ಡ ಪರೀಕ್ಷೆ ಶುರುವಾಯಿತು. ಮಾತ್ರೆ ಮಾಡಿದ್ದು ಅಮೆರಿಕದಲ್ಲಿ. ಪರೀಕ್ಷೆ ನಡೆದದ್ದು ಪೋರ್ಟೊ ರಿಕೊ ದ್ವೀಪದಲ್ಲಿ, ರಿಯೊ ಪಿಯೆದ್ರಾಸ್ ಎಂಬಲ್ಲಿ ಬಡವರಿಗೆ ಕಟ್ಟಿಕೊಟ್ಟ ಮನೆಗಳಲ್ಲಿ. ಇದು ಬಸುರು ತಡೆಯುವ ಮಾತ್ರೆ ಅಂತ ಆ ಹೆಂಗಸರಿಗೆ ಹೇಳಿದ್ದರು. ಇನ್ನೂ ಪರೀಕ್ಷೆಯಲ್ಲಿದೆ ಅಂತ ಹೇಳಿರಲಿಲ್ಲ. ಅಲ್ಲಿ ಮೇಲ್ವಿಚಾರಣೆ ನೋಡುತ್ತಿದ್ದ ಡಾಕ್ಟರು ಎಡ್ರಿಸ್ ರೈಸ್-ರೇ ಎಂಬ ಹೆಣ್ಣುಮಗಳು. ನೂರಕ್ಕೆ 17 ಮಂದಿಗೆ ತಲೆಸುತ್ತು, ವಾಂತಿ, ತಲೆನೋವು, ಹೊಟ್ಟೆನೋವು ಬರ್ತಾ ಇದೆ, ಇದು ಎಲ್ಲರಿಗೂ ಕೊಡುವಂಥದ್ದಲ್ಲ ಎಂದು ಆಕೆ ಬರೆದಳು. ಸಂಶೋಧನೆಯ ಮುಖ್ಯಸ್ಥ ಗ್ರೆಗರಿ ಪಿಂಕಸ್ ಅದರಲ್ಲಿ ಬಹುಪಾಲು ಮನಸ್ಸಿನ ಕಲ್ಪನೆ ಎಂದು ತಳ್ಳಿಹಾಕಿದ. ಆ ಮಾತ್ರೆಯಲ್ಲಿ ಇದ್ದದ್ದು 10 ಮಿಲಿಗ್ರಾಂ ಪ್ರೊಜೆಸ್ಟಿನ್. ಇವತ್ತು ಬಹಳಷ್ಟು ಮಾತ್ರೆಗಳಲ್ಲಿ ಒಂದು ಮಿಲಿಗ್ರಾಮೂ ಇರೋದಿಲ್ಲ. ಅಂದರೆ ತಲೆ ತಿರುಗುತ್ತೆ ಅಂದ ಹೆಂಗಸರು ಸರಿಯಾಗಿಯೇ ಹೇಳಿದ್ದರು. ಅವರ ಮೈ ಹೇಳಿದ ಸತ್ಯ, ಮೇಜಿನ ಹಿಂದೆ ಕೂತವನಿಗೆ ಭ್ರಮೆಯಾಗಿ ಕಂಡಿತು.

ಮಾತ್ರೆಗೆ ಒಂದು ಗುಣ ಇದೆ. ಇವತ್ತು ತಲೆ ಸುತ್ತಿದರೆ ನಾಳೆ ನುಂಗದೆ ಬಿಡಬಹುದು. ಬಡ ಹೆಂಗಸು ಮಾತ್ರೆ ಮರೀತಾಳೆ, ಅವಳಿಗೆ ಶಿಸ್ತಿಲ್ಲ, ಅದಕ್ಕೆ ಒಂದು ಸಲ ಚುಚ್ಚಿಬಿಟ್ಟರೆ ತಿಂಗಳುಗಟ್ಟಲೆ ನಡೆಯುವ ಮದ್ದು ಬೇಕು ಎಂಬ ಯೋಚನೆ ಆಮೇಲೆ ಬಲವಾಯಿತು. ಡೆಪೊ-ಪ್ರೊವೆರಾ ಅಂಥದ್ದು. ಮೆಡ್ರಾಕ್ಸಿಪ್ರೊಜೆಸ್ಟಿರಾನ್ ಎಂಬ ಪ್ರೊಜೆಸ್ಟಿನ್ನಿನ 150 ಮಿಲಿಗ್ರಾಮನ್ನು ತೋಳಿಗೋ ಕುಂಡೆಗೋ ಚುಚ್ಚಿದರೆ ಅದು ಮಾಂಸಖಂಡದಲ್ಲಿ ಕೂತು ನಿಧಾನಕ್ಕೆ ಕರಗುತ್ತಾ ಮೂರು ತಿಂಗಳು ಅಂಡ ಬರದಂತೆ ತಡೆಯುತ್ತದೆ. ನೆಟ್-ಎನ್ ಎಂಬುದು ಇನ್ನೊಂದು, ಎರಡು ತಿಂಗಳಿಗೊಮ್ಮೆ. ಒಳಗೆ ಹೋದದ್ದನ್ನು ವಾಪಸು ತೆಗೆಯೋಕೆ ಯಾವ ಡಾಕ್ಟರಿಗೂ ಆಗೋದಿಲ್ಲ. ಡೆಪೊ ನಿಲ್ಲಿಸಿದ ಮೇಲೂ ಮತ್ತೆ ಬಸುರಾಗಲು ಸರಾಸರಿ ಒಂಬತ್ತು ಹತ್ತು ತಿಂಗಳು ಹಿಡಿಯುತ್ತದೆ. ನಾನು ಇಲ್ಲಿ ನಿಂತು ಯೋಚಿಸಬೇಕು ಅನ್ನೋದು ಇದಕ್ಕೇ. ಒಪ್ಪಿಗೆ ಅನ್ನೋದು ಒಂದು ಕ್ಷಣದ್ದೋ, ಅಥವಾ ದಿನ ದಿನವೂ ಉಸಿರಾಡುವಂಥದ್ದೋ? ಸೋಮವಾರ ಒಪ್ಪಿದವಳು ಗುರುವಾರ ಒಲ್ಲೆ ಅಂದರೆ ಆ ಮಾತನ್ನ ಕೇಳಿಸಿಕೊಳ್ಳುವ ಕಿವಿ ಈ ಮದ್ದಿಗಿಲ್ಲ. ಹಾಗಿರುವಾಗ ಚುಚ್ಚುವ ಮೊದಲಿನ ಮಾತಿನ ಮೇಲೆ ಇಮ್ಮಡಿ ಭಾರ ಬೀಳುತ್ತದೆ. ಆದರೆ ಎಲ್ಲಿ ನೋಡಿದರೂ ಆ ಮಾತೇ ಇಲ್ಲ.

ಅಮೆರಿಕದ ಅಟ್ಲಾಂಟಾದ ಗ್ರೇಡಿ ಆಸ್ಪತ್ರೆಯಲ್ಲಿ 1967ರಿಂದ ಹತ್ತು ವರ್ಷಕ್ಕೂ ಮೇಲೆ, ಹನ್ನೊಂದು ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಡೆಪೊ ಚುಚ್ಚಿದರು. ಅವರಲ್ಲಿ ಬಹಳ ಮಂದಿ ಕರಿಯರು, ಎಲ್ಲರೂ ಹೆಚ್ಚೂಕಡಿಮೆ ಬಡವರು. ಅವರ ದಾಖಲೆಗಳನ್ನೇ ಸರಿಯಾಗಿ ಇಟ್ಟಿರಲಿಲ್ಲ. ಬೀಗಲ್ ನಾಯಿಗಳ ಮೊಲೆಯಲ್ಲಿ ಗಡ್ಡೆ ಕಂಡದ್ದೂ ಒಂದು ಕಾರಣವಾಗಿ 1978ರಲ್ಲಿ ಅಮೆರಿಕದ ಸರ್ಕಾರ ಈ ಮದ್ದನ್ನು ಗರ್ಭನಿರೋಧಕ್ಕೆ ಒಪ್ಪಲಿಲ್ಲ, ಒಪ್ಪಿದ್ದು 1992ರಲ್ಲಿ. ಆ ನಡುವಿನ ವರ್ಷಗಳಲ್ಲಿ ಅದು ಏಷ್ಯಾ, ಆಫ್ರಿಕಾದ ಲಕ್ಷಾಂತರ ಹೆಂಗಸರ ಮೈಗೆ ಇಳಿಯುತ್ತಲೇ ಇತ್ತು.

ನಮ್ಮಲ್ಲಿಗೆ ಬರೋಣ. ತುರ್ತುಪರಿಸ್ಥಿತಿಯ 1976-77ರ ಸಾಲಿನಲ್ಲಿ ಈ ದೇಶದಲ್ಲಿ 80 ಲಕ್ಷಕ್ಕೂ ಮೇಲೆ ಸಂತಾನಹರಣದ ಆಪರೇಶನ್ ಆದವು, ಅದರಲ್ಲಿ ಮುಕ್ಕಾಲು ಪಾಲು ಗಂಡಸರಿಗೆ. ಗಂಡಸರು ಸಿಟ್ಟಿಗೆದ್ದರು, ಸರ್ಕಾರ ಬಿತ್ತು. 1977ರಲ್ಲಿ ಕುಟುಂಬ ಯೋಜನೆಗೆ ಕುಟುಂಬ ಕಲ್ಯಾಣ ಅಂತ ಹೊಸ ಹೆಸರಿಟ್ಟು, ಸೂಜಿ ಕತ್ತಿಗಳನ್ನೆಲ್ಲ ಹೆಂಗಸರ ಕಡೆ ತಿರುಗಿಸಿದರು. ಓಟಿನ ಪೆಟ್ಟಿಗೆಯಲ್ಲಿ ಸೇಡು ತೀರಿಸಿಕೊಳ್ಳದ ಮೈ ಯಾವುದು ಎಂದು ಆಳುವವರಿಗೆ ಗೊತ್ತಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ದೇಶದಲ್ಲಿ ಮದುವೆಯಾದ ಹೆಂಗಸರ ಪೈಕಿ ನೂರಕ್ಕೆ 38 ಮಂದಿಗೆ ಆಪರೇಶನ್ ಆಗಿದೆ. ಗಂಡಸರ ಆಪರೇಶನ್ ಲೆಕ್ಕ ನೂರಕ್ಕೆ ಅರ್ಧ ಕೂಡ ಇಲ್ಲ. ಕರ್ನಾಟಕದಲ್ಲಿ ಹೆಂಗಸರ ಲೆಕ್ಕ ಅರ್ಧಕ್ಕಿಂತ ಮೇಲೆ, ಗಂಡಸರದ್ದು ಸೊನ್ನೆಯ ಹತ್ತಿರ.

1985ರಲ್ಲಿ ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸುತ್ತಲ ಹಳ್ಳಿಯ ಹೆಂಗಸರನ್ನು ಕರೆಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆಟ್-ಎನ್ ಪರೀಕ್ಷೆ ಅದು. ಪರೀಕ್ಷೆ ಅಂತ ಬಂದವರಿಗೆ ಗೊತ್ತಿಲ್ಲ. ಸ್ತ್ರೀ ಶಕ್ತಿ ಸಂಘಟನದ ಹೆಣ್ಣುಮಕ್ಕಳು ಅಲ್ಲಿಗೆ ಹೋಗಿ ಈ ಮದ್ದು ಏನು, ಏನೇನಾಗಬಹುದು ಅಂತ ತೆಲುಗಿನಲ್ಲಿ ಬಿಡಿಸಿ ಹೇಳಿದಾಗ ಬಹಳ ಮಂದಿ ಎದ್ದು ಹೋದರು. 1986ರಲ್ಲಿ ಸಂಘಟನದವರೂ ದಿಲ್ಲಿಯ ಸಹೇಲಿ ಮೊದಲಾದ ಗುಂಪುಗಳೂ ಸುಪ್ರೀಂ ಕೋರ್ಟಿಗೆ ಹೋದವು. ನನಗೆ ಕೋರ್ಟಿಗಿಂತ ದೊಡ್ಡದಾಗಿ ಕಾಣೋದು ಎದ್ದು ಹೋದದ್ದು. 'ಅನಕ್ಷರಸ್ಥರಿಗೆ ಇದೆಲ್ಲ ಅರ್ಥ ಆಗೋದಿಲ್ಲ' ಎನ್ನುವವರಿಗೆ ಆ ಹೆಂಗಸರು ಬಾಯಿ ಬಿಡದೆ ಉತ್ತರ ಕೊಟ್ಟರು. ಅವರ ಭಾಷೆಯಲ್ಲಿ ಹೇಳಿದರೆ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ಯಾರ ಹತ್ತಿರವೂ ಇರಲಿಲ್ಲ.

ನಮ್ಮ ಚಿಕ್ಕವ್ವ ಮೂರನೆ ಹೆರಿಗೆ ಆದ ಮೇಲೆ ಆಪರೇಶನ್ನಿಗೆ ಹೆಬ್ಬೆಟ್ಟು ಒತ್ತಿದವಳು. ಆ ಕಾಗದದಲ್ಲಿ ಏನು ಬರೆದಿತ್ತು ಅಂತ ನಾನು ಡಿಗ್ರಿ ಓದುವಾಗ ಕೇಳಿದೆ. 'ಅದು ಡಾಕ್ಟ್ರಿಗೆ ಬೇಕಾದ ಕಾಗ್ದ ಕಣಪ್ಪ, ನಂಗ್ಯಾಕೆ' ಅಂದಳು. ಎಷ್ಟೋ ಪುಸ್ತಕ ಓದಿದ ಮೇಲೂ ಇದಕ್ಕಿಂತ ಸರಿಯಾದ ವ್ಯಾಖ್ಯಾನ ನನಗೆ ಸಿಕ್ಕಿಲ್ಲ. ನಾಳೆ ಹೆಚ್ಚುಕಮ್ಮಿ ಆದರೆ ಡಾಕ್ಟರನ್ನು ಕಾಯುವ ಕಾಗದ ಅದು, ಅವಳನ್ನು ಕಾಯುವುದಲ್ಲ.

ಇಲ್ಲಿತನಕ ಓದಿದ ಗೆಳೆಯರು, 'ಹಾಗಾದರೆ ಈ ಮದ್ದನ್ನೇ ಸುಟ್ಟುಹಾಕಬೇಕು' ಎನ್ನಬಹುದು. ನಮ್ಮ ಸಭೆಗಳಲ್ಲಿ ಈ ಮಾತಿಗೆ ಚಪ್ಪಾಳೆ ಬೀಳುತ್ತೆ. ನನಗೆ ಅಷ್ಟು ಸಲೀಸಾಗಿ ಕೈ ಎತ್ತೋಕೆ ಆಗೋದಿಲ್ಲ. 1991ರ ಹೊತ್ತಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನಗಳಲ್ಲಿ, ನಾಯಿ ಕೋತಿಗಳಲ್ಲಿ ಕಂಡಷ್ಟು ಕೇಡು ಹೆಂಗಸರಲ್ಲಿ ಕಾಣಲಿಲ್ಲ. ಗರ್ಭಕೋಶದ ಒಳಪದರದ ಕ್ಯಾನ್ಸರನ್ನು ಡೆಪೊ ಕಡಿಮೆ ಮಾಡುತ್ತದೆಂದೇ ತೋರಿತು. ಮುಟ್ಟಿನ ದಿನ ನೆಲಕ್ಕೆ ಬಿದ್ದು ಒದ್ದಾಡುವಂಥ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಯವರಿಗೆ ಪ್ರೊಜೆಸ್ಟಿನ್ನುಗಳು ದೊಡ್ಡ ಆಸರೆ. ಇನ್ನೊಂದು ಮಾತು. ಕುಡಿದು ಬರುವ ಗಂಡ, ಗಂಡುಮಗು ಬೇಕೇಬೇಕು ಎನ್ನುವ ಅತ್ತೆ ಇರುವ ಮನೆಯಲ್ಲಿ ಮಾತ್ರೆಯ ಹಾಳೆ ಬಚ್ಚಿಡಲು ಜಾಗ ಇರೋದಿಲ್ಲ. ಸೂಜಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಲವರಿಗೆ ಅದೊಂದೇ ಗುಟ್ಟಿನ ಬಾಗಿಲು.

ಜಿಂಬಾಬ್ವೆಯಲ್ಲಿ ಆದದ್ದು ನಮಗೆ ಪಾಠ. ಬಿಳಿಯರ ಆಳ್ವಿಕೆಯಲ್ಲಿ ಕರಿಯ ಹೆಂಗಸರಿಗೆ ಡೆಪೊ ಧಾರಾಳವಾಗಿ ಚುಚ್ಚುತ್ತಿದ್ದರು. ಕರಿಯರ ಸಂಖ್ಯೆ ತಗ್ಗಲಿ ಎಂಬುದು ಅದರ ಹಿಂದಿದ್ದ ಆಸೆ. ಸ್ವಾತಂತ್ರ್ಯ ಬಂದ ಮರುವರ್ಷ, 1981ರಲ್ಲಿ ಹೊಸ ಸರ್ಕಾರ ಅದನ್ನು ನಿಷೇಧಿಸಿತು. ನ್ಯಾಯವೇ ಅನ್ನಿಸುತ್ತೆ. ಆದರೆ ಎಷ್ಟೋ ಹೆಂಗಸರು ಗಂಡನಿಗೆ ಗೊತ್ತಾಗದ ಹಾಗೆ ತಾವಾಗಿ ಅದನ್ನು ಹಾಕಿಸಿಕೊಳ್ಳುತ್ತಿದ್ದರು. ಅವರ ಕೈಯಿಂದಲೂ ಅದು ಹೋಯಿತು. ಚುಚ್ಚಿದ ಬಿಳಿಯ ಅವಳನ್ನ ಕೇಳಲಿಲ್ಲ. ಬೇಡ ಎಂದ ಕರಿಯನೂ ಕೇಳಲಿಲ್ಲ. ಒಬ್ಬನಿಗೆ ಅವಳ ಬಸಿರು ಅಪಾಯವಾಗಿ ಕಂಡಿತು, ಇನ್ನೊಬ್ಬನಿಗೆ ಜನಾಂಗದ ಆಸ್ತಿಯಾಗಿ ಕಂಡಿತು. ನಮ್ಮ ಜನ ಕಡಿಮೆ ಆಗ್ತಾರೆ, ಓಟು ಕಡಿಮೆ ಆಗ್ತವೆ ಎಂದು ಮಾತಾಡುವ ನಮ್ಮ ಹುಡುಗರೂ ಈ ಎರಡನೆಯವನ ಸಾಲಿನಲ್ಲೇ ನಿಂತಿದ್ದಾರೆ. ಬಾಬಾಸಾಹೇಬರು ಆ ಸಾಲಿನಲ್ಲಿ ನಿಲ್ಲಲಿಲ್ಲ. 1938ರ ನವೆಂಬರಿನಲ್ಲಿ ಮುಂಬಯಿ ಶಾಸನಸಭೆಯಲ್ಲಿ, ಗರ್ಭನಿರೋಧದ ತಿಳಿವಳಿಕೆಯನ್ನೂ ಸಾಧನಗಳನ್ನೂ ಸರ್ಕಾರ ಜನಕ್ಕೆ ಮುಟ್ಟಿಸಬೇಕು ಎಂಬ ನಿರ್ಣಯವನ್ನು ಅವರ ಪರವಾಗಿ ಪಿ.ಜೆ. ರೋಹಮ್ ಮಂಡಿಸಿದರು. ಹೆರಿಗೆಯ ನೋವು ಗಂಡಸರಿಗೆ ಬರುವಂತಿದ್ದರೆ ಒಂದಕ್ಕಿಂತ ಹೆಚ್ಚು ಮಗುವಿಗೆ ಯಾವನೂ ಒಪ್ಪುತ್ತಿರಲಿಲ್ಲ ಎಂಬ ಅರ್ಥದ ಮಾತು ಆ ಭಾಷಣದಲ್ಲಿದೆ. ಸಭೆ ಆ ನಿರ್ಣಯವನ್ನು ಸೋಲಿಸಿತು.

ಮದ್ದು ಕೊನೆಗೆ ಅಷ್ಟೊಂದು ಕೆಟ್ಟದ್ದಲ್ಲ ಎಂದಾಯಿತಲ್ಲ, ಹಾಗಿದ್ದರೆ ಕೇಳದೆ ಚುಚ್ಚಿದವರು ಮಾಡಿದ್ದು ಸರಿಯೇ ಆಯಿತೆ ಎಂದು ವಿಜ್ಞಾನ ಓದಿದ ಗೆಳೆಯನೊಬ್ಬ ನನ್ನನ್ನು ಕೇಳಿದ. ಇಲ್ಲ. ಕಣ್ಣು ಮುಚ್ಚಿಕೊಂಡು ಲಾರಿ ಓಡಿಸಿದವನು ಊರು ಮುಟ್ಟಿದರೆ ಅವನ ಅದೃಷ್ಟ ದೊಡ್ಡದು, ಅಷ್ಟೆ. ಲಾರಿಯ ಹಿಂದೆ ಕೂಲಿಗಳನ್ನು ಕೂರಿಸಿಕೊಂಡಿದ್ದನಲ್ಲ, ಆ ತಪ್ಪು ಊರು ಮುಟ್ಟಿದ್ದರಿಂದ ಹೋಗೋದಿಲ್ಲ. ಇಷ್ಟಕ್ಕೂ ಪೂರ್ತಿ ಊರು ಮುಟ್ಟಿಯೂ ಇಲ್ಲ. ಮೂಳೆಯ ಸಾಂದ್ರತೆ ಕಡಿಮೆಯಾಗುತ್ತೆ ಎಂಬ ಕಪ್ಪು ಚೌಕಟ್ಟಿನ ಎಚ್ಚರಿಕೆ ಡೆಪೊ ಮೇಲೆ ಬಂದದ್ದು 2004ರಲ್ಲಿ. ಎಚ್‌ಐವಿ ತಗಲುವ ಸಂಭವವನ್ನು ಇದು ಹೆಚ್ಚಿಸುತ್ತದೆಯೇ ಎಂದು ಆಫ್ರಿಕಾದ ನಾಲ್ಕು ದೇಶಗಳಲ್ಲಿ 7,800ಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು, ಅವರಿಗೆ ತಿಳಿಸಿ ಕೇಳಿಯೇ ಮಾಡಿದ ಪರೀಕ್ಷೆಯ ಫಲ 2019ರಲ್ಲಿ ಬಂತು: ಉಳಿದ ಎರಡು ವಿಧಾನಗಳಿಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಆದರೆ ಆ ಪರೀಕ್ಷೆ ನಡೆಯುವಷ್ಟರಲ್ಲಿ ಮೂರೂ ಗುಂಪು ಸೇರಿ 397 ಮಂದಿಗೆ ಎಚ್‌ಐವಿ ತಗಲಿತ್ತು. 2024ರಲ್ಲಿ ಫ್ರಾನ್ಸಿನ ಅಧ್ಯಯನವೊಂದು, ವರ್ಷಕ್ಕೂ ಮೇಲೆ ಡೆಪೊ ಹಾಕಿಸಿಕೊಂಡವರಲ್ಲಿ ಮಿದುಳ ಪೊರೆಯ ಗಡ್ಡೆಯ ಆಪರೇಶನ್ ಐದು ಪಟ್ಟು ಹೆಚ್ಚು ಎಂದಿತು. ಆ ಗಡ್ಡೆ ಅಪರೂಪದ್ದು, ಹೆದರಿಸೋಕೆ ಹೇಳ್ತಾ ಇಲ್ಲ. ಗ್ರೇಡಿ ಆಸ್ಪತ್ರೆಯಲ್ಲಿ ಸೂಜಿ ಶುರುವಾಗಿ 57 ವರ್ಷ ಆದ ಮೇಲೆ ತಿಳಿದ ಮಾತು ಇದು ಅನ್ನೋದನ್ನ ನೆನಪಿಡಿ ಅಂತ.

1995ರಲ್ಲಿ ಔಷಧ ತಾಂತ್ರಿಕ ಸಲಹಾ ಮಂಡಳಿ ಡೆಪೊವನ್ನು ಸರ್ಕಾರಿ ಕಾರ್ಯಕ್ರಮಕ್ಕೆ ಬೇಡ ಎಂದಿತ್ತು. 2017ರಲ್ಲಿ ಅದೇ ಮದ್ದು 'ಅಂತರಾ' ಎಂಬ ಹೆಸರಿನಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಬಂತು, ಬಿಟ್ಟಿಯಾಗಿ. ಹಾಗಾಗಿ ಇದು ಹಳೆ ಕತೆ ಅಲ್ಲ. ಆಶಾ ಕಾರ್ಯಕರ್ತೆಯ ಕೈಯಲ್ಲಿ ಕಾರ್ಡಿದೆ. ಮುಂದಿನ ಸೂಜಿಯ ತಾರೀಖು ಅದರಲ್ಲಿ ಬರೆದಿರುತ್ತೆ. ಆ ಆಶಾ ಕೂಡ ನಮ್ಮವಳೇ, ಅವಳ ತಲೆ ಮೇಲೂ ಲೆಕ್ಕ ಒಪ್ಪಿಸುವ ಭಾರ ಇದೆ. ಅವಳ ಜತೆ ಜಗಳಕ್ಕೆ ನಿಲ್ಲಬೇಡಿ.

ಹಳ್ಳಿಯ ಮೇಷ್ಟ್ರುಗಳಿಗೆ, ಕಾಲೇಜು ಹುಡುಗಿಯರಿಗೆ ನನ್ನದೊಂದು ಕೋರಿಕೆ. 'ಸಣ್ಣ ಅಡ್ಡಪರಿಣಾಮ' ಎಂದು ಕರಪತ್ರದಲ್ಲಿ ಇರುತ್ತದಲ್ಲ, ಅದನ್ನು ಕೇರಿಯ ಮಾತಿಗೆ ತನ್ನಿ. ಮೊದಲ ತಿಂಗಳುಗಳಲ್ಲಿ ಹೊತ್ತಲ್ಲದ ಹೊತ್ತಲ್ಲಿ ಮುಟ್ಟು ಕಾಣಬಹುದು, ಹದಿನೈದು ಇಪ್ಪತ್ತು ದಿನ ಹನಿಯಬಹುದು. ಬಚ್ಚಲಿಲ್ಲದ ಮನೆಯವಳಿಗೆ, ಬಟ್ಟೆ ಒಗೆಯೋಕೆ ನೀರಿಲ್ಲದವಳಿಗೆ, ನಾಟಿಗೆ ಬಗ್ಗಿ ನಿಂತವಳಿಗೆ ಇದು ಸಣ್ಣದಲ್ಲ. ಮುಟ್ಟಾದವಳನ್ನು ಊರಾಚೆ ಗುಡಿಸಲಲ್ಲಿ ಕೂರಿಸುವ ಗೊಲ್ಲರಹಟ್ಟಿಗಳು ತುಮಕೂರು, ಚಿತ್ರದುರ್ಗದ ಕಡೆ ಉಳಿದಿವೆ. ಅಲ್ಲಿಯವಳಿಗೆ ಈ ಹದಿನೈದು ದಿನ ಅಂದರೆ ಏನು ಅಂತ ಯೋಚಿಸಿ. ಆಮೇಲೆ, ವರ್ಷ ಕಳೆಯುವಷ್ಟರಲ್ಲಿ ಸುಮಾರು ಅರ್ಧ ಮಂದಿಗೆ ಮುಟ್ಟೇ ನಿಲ್ಲುತ್ತೆ. ಅದು ಬಸುರಲ್ಲ, ಕೆಟ್ಟ ರಕ್ತ ಒಳಗೆ ಕಟ್ಟಿಕೊಂಡಿದ್ದೂ ಅಲ್ಲ ಎಂದು ಹೇಳಿ. ನಿಲ್ಲಿಸಿದ ಮೇಲೆ ಮಗು ಆಗೋಕೆ ತಡ ಆಗುತ್ತೆ ಎಂದು ಹೇಳಿ. ನಿರೋಧ್, ತಾಮ್ರದ ವಂಕಿ, ಮಾತ್ರೆ, ಗಂಡನಿಗೆ ಆಪರೇಶನ್ ಇವೂ ಇವೆ ಅಂತ ಹೇಳಿ. ಕೊನೆಯದನ್ನ ಗಂಡ ಕೂತಿರುವಾಗಲೇ ಹೇಳಿ. ಇಷ್ಟು ಹೇಳಿ ಸುಮ್ಮನಾಗಿ. 'ಮನೇಗ್ ಹೋಗಿ ಯೋಚ್ನೆ ಮಾಡ್ಕಂಡ್ ಬತ್ತೀನಿ' ಅಂದರೆ ಹೋಗಲಿ. ಅವಳು ವಾಪಸು ಬರಬಹುದು, ಬರದೆಯೂ ಇರಬಹುದು.