ಮರ ಹತ್ತಿಸಿದ ಮೇಕೆ

ಎಸ್ಸೌಯಿರಾದಲ್ಲಿ ನಾವಿದ್ದದ್ದು ನಾಲ್ಕೇ ದಿನ. ಮೊರಾಕ್ಕೊದ ಅಟ್ಲಾಂಟಿಕ್ ದಂಡೆಯ ಊರು. ನೀಲಿ ದೋಣಿ, ಕೋಟೆಗೋಡೆ ಮೇಲೆ ಸಾಲು ಫಿರಂಗಿ, ಕೆಂಡದಲ್ಲಿ ಸುಟ್ಟ ಸಾರ್ಡೀನ್ (ನಮ್ಮ ಬೂತಾಯಿಯ ನೆಂಟ), ಹಗಲೂ ರಾತ್ರಿ ಗಾಳಿ. ಊರಿನ ಮೇಲೆ ನನಗೇನೂ ದೂರಿಲ್ಲ. ತಲೆಯಲ್ಲಿ ಉಳಿದದ್ದು ಮಾತ್ರ ಊರು ತಲುಪೋ ಮುಂಚೆ ಕಂಡ ಒಂದು ಮರ.

ಮರಾಕೆಶ್‌ನಿಂದ ಬರೋ ದಾರಿಯಲ್ಲಿ ಅರ್ಗಾನ್ ಮರಗಳು ಸಿಗ್ತವೆ. ಗಿಡ್ಡ, ಮೈತುಂಬ ಮುಳ್ಳು. ಹಣ್ಣಿನಾಸೆಗೆ ಮೇಕೆಗಳು ಇವನ್ನು ಹತ್ತೋದು ನಿಜ. ಡ್ರೈವರ್ ಗಾಡಿ ನಿಲ್ಲಿಸಿದ. ಒಂದೇ ಮರದಲ್ಲಿ 11 ಮೇಕೆ, ದಸರಾ ಗೊಂಬೆ ಜೋಡಿಸಿಟ್ಟ ಹಾಗೆ. 20 ದಿರ್ಹಮ್ ಕೊಟ್ಟು ಫೋಟೊ ಹೊಡೆದೆ. ರಾತ್ರಿ ರೂಮಲ್ಲಿ ಜೂಮ್ ಮಾಡಿದ್ರೆ ಕೊಂಬೆಗಳ ನಡುವೆ ಹಲಗೆ, ಒಂದರ ಕಾಲಿಗೆ ಹಗ್ಗ. ಅರ್ಗಾನ್ ಹಣ್ಣಾಗೋದು ಬೇಸಿಗೆಯಲ್ಲಿ. ನಾವು ಹೋಗಿದ್ದು ಡಿಸೆಂಬರ್‌ನಲ್ಲಿ. ತಿನ್ನೋಕೆ ಅಲ್ಲಿ ಏನಿತ್ತು?

ಮೇಕೆಯವನ ಮೇಲೆ ಸಿಟ್ಟು ಬಂತು. ಹೆಂಡತಿ ತಣ್ಣಗೆ ಕೇಳಿದಳು: "ಊರಿಗೆ ಕೋಲೆ ಬಸವ ಬಂದಾಗ ಮೊರದಲ್ಲಿ ಅಕ್ಕಿ ತಗೊಂಡು ಓಡ್ತಿದ್ದೋನು ನೀನೇ ತಾನೆ?"

ಅದು ಭಕ್ತಿ ಅಂದೆ. ಅಂದಮೇಲೆ ನನಗೇ ಸರಿ ಕಾಣಲಿಲ್ಲ. ಬಸವನ ಮೂಗುದಾರಕ್ಕೆ ನನ್ನ ಭಕ್ತಿಯಿಂದ ಏನು ಫರಕ್ಕು? ಇನ್ನು ಆ ಮನುಷ್ಯ. ವರ್ಷಗಟ್ಟಲೆ ಬರದಿಂದ ಅಲ್ಲಿ ಜಾನುವಾರು ಎಷ್ಟು ಕರಗಿದವೆಂದರೆ, 2025ರಲ್ಲಿ ದೊರೆ ಆರನೇ ಮೊಹಮ್ಮದ್ ಅವರೇ ಈ ಸಲ ಬಕ್ರೀದ್‌ಗೆ ಕುರಿ ಕಡಿಯಬೇಡಿ ಅಂತ ಜನರನ್ನು ಕೇಳಿಕೊಂಡಿದ್ದರು. ಮೇವಿಲ್ಲದ ನೆಲದಲ್ಲಿ ಅವನು ಮೇಕೆಯ ಚಿತ್ರ ಮಾರ್ತಾನೆ. ಒಪ್ಪಿದೆ. ಆದರೆ ಅವನ ಬಡತನದಿಂದ ಮೇಕೆಯ ಕಾಲುನೋವು ಕಮ್ಮಿ ಆಗಲ್ಲವಲ್ಲ.

ನನ್ನ 20 ದಿರ್ಹಮ್ಮನ್ನು ದಾನ ಅಂದುಕೊಂಡಿದ್ದೆ. ಅದು ನಾಳೆಗೂ ಮೇಕೆ ಹತ್ತಿಸು ಅಂತ ಕೊಟ್ಟ ಮುಂಗಡ. ನಾನು ಕೊಡದಿದ್ದರೆ ಇನ್ನೊಬ್ಬ ಕೊಡ್ತಿದ್ದ, ನಿಜ. ಪ್ರತಿ ಗಾಡಿಯಲ್ಲೂ ಎಲ್ಲರೂ ಹೀಗೇ ಲೆಕ್ಕ ಹಾಕ್ತಾರೆ, ಮೇಕೆ ಮರದಲ್ಲೇ ಇರುತ್ತೆ.

ವಾಪಸ್ ಬರೋವಾಗ ಅದೇ ಮರದ ಹತ್ತಿರ ಡ್ರೈವರ್ ವೇಗ ಇಳಿಸಿದ. ಬೇಡ ಅಂದೆ. ಮೇಕೆಯವನು ಎದ್ದು ನಿಂತು ಕೈಯೆತ್ತಿದ್ದ. ನಾವು ಮುಂದೆ ಹೋದಮೇಲೆ ಮತ್ತೆ ಕಲ್ಲಿನ ಮೇಲೆ ಕೂತ. ಮೇಕೆಗಳು ಅಲ್ಲೇ ಇದ್ದವು. ಫೋಟೊ ಇನ್ನೂ ಫೋನಲ್ಲಿದೆ. ಯಾರಿಗೂ ಕಳಿಸಿಲ್ಲ, ಡಿಲೀಟೂ ಮಾಡಿಲ್ಲ.