ಗೋಡೆಯಿಲ್ಲದ ಸೆರೆ

ಶ್ರೀರಂಗಪಟ್ಟಣದ ಕೋಟೆಯೊಳಗೆ, ರಂಗನಾಥನ ಗುಡಿಯಿಂದ ಅನತಿ ದೂರದಲ್ಲಿ, ನೆಲಮಟ್ಟಕ್ಕಿಂತ ಕೆಳಗೆ ಒಂದು ಸೆರೆಮನೆಯಿದೆ. ಕರ್ನಲ್ ಬೈಲಿಯ ಬಂದೀಖಾನೆ ಎಂದು ಅದಕ್ಕೆ ಹೆಸರು. ದೂರದಿಂದ ನೋಡುವವನಿಗೆ ಅದು ಇರುವ ಗುರುತೇ ಹತ್ತುವುದಿಲ್ಲ. ಮೆಟ್ಟಿಲಿಳಿದರೆ ಇಟ್ಟಿಗೆ ಗಾರೆಯ ಕಮಾನುಗಳಿಂದಾದ, ಸುಮಾರು 30 ಮೀಟರ್ ಉದ್ದ, 12 ಮೀಟರ್ ಅಗಲದ ಹಜಾರ ತೆರೆದುಕೊಳ್ಳುತ್ತದೆ. ಗೋಡೆಗೆ ಕೂಡಿಸಿದ ಕಲ್ಲು ಚಪ್ಪಡಿಗಳಲ್ಲಿ ತೂತುಗಳಿವೆ. ಸೆರೆಯಾಳುಗಳ ಕೈಗೆ ತೊಡಿಸಿದ ಸರಪಳಿಯನ್ನು ಬಿಗಿಯುತ್ತಿದ್ದುದು ಅಲ್ಲಿಗೆ. ನಡುವೆ ಒಂದು ಫಿರಂಗಿ ಬಿದ್ದುಕೊಂಡಿದೆ. 1799ರ ಮುತ್ತಿಗೆಯಲ್ಲಿ ಮೇಲಿನಿಂದ ಚಾವಣಿ ಒಡೆದುಕೊಂಡು ಬಿದ್ದದ್ದು ಎನ್ನುತ್ತಾರೆ.

ನಾವು ಹೋದದ್ದು ಏಪ್ರಿಲಿನಲ್ಲಿ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು, ಒಳಗೆ ತಂಪು. ಮಂಗಳೂರಿನ ಬೋಳಾರದಿಂದ ಹೊರಟ ನಮ್ಮ ಗುಂಪಿನ ಹಿರಿಯರು ಆ ತಂಪಿಗೆ ಮನಸೋತರು. ಒಬ್ಬರು ಕಮಾನಿಗೊರಗಿ ಕುಳಿತು ನೀರು ಕುಡಿದರು. ಜೊತೆಗೆ ಬಂದ ಮೊಮ್ಮಕ್ಕಳು ಚಪ್ಪಡಿಯ ತೂತುಗಳ ಬಳಿ ಎರಡೂ ಕೈ ಚಾಚಿ, ಕಷ್ಟದ ಮುಖ ಮಾಡಿ, ಫೋಟೋ ತೆಗೆಸಿಕೊಂಡು ನಕ್ಕರು. ಹೇಗೆ ನಿಂತರೆ ಚೆನ್ನಾಗಿ ಬರುತ್ತದೆಂದು ಗೈಡೇ ತೋರಿಸಿಕೊಟ್ಟ. ಕಾವೇರಿಯ ನೀರನ್ನು ಒಳಬಿಟ್ಟು ಕೈದಿಗಳನ್ನು ಕುತ್ತಿಗೆಯವರೆಗೆ ಮುಳುಗಿಸುತ್ತಿದ್ದರಂತೆ ಎಂಬ ಕಥೆಯನ್ನೂ ಹೇಳಿದ. ಮುಂದೆ ದರಿಯಾ ದೌಲತ್ ಅರಮನೆ, ಗುಂಬಜ್, ಊಟ, ಸಂಜೆಗೆ ಬೃಂದಾವನದ ಕಾರಂಜಿ. ಒಂದೇ ಹಗಲಿನಲ್ಲಿ ಇಷ್ಟೂ ಮುಗಿಯಬೇಕು.

ಆ ನಗುವಿನಿಂದ ನನಗೆ ಕಸಿವಿಸಿಯಾಯಿತು. ಆದರೆ ಕಸಿವಿಸಿಯಾಯಿತೆಂದು ಹೇಳಿಕೊಳ್ಳುವುದರಲ್ಲಿ ಒಂದು ಸುಲಭದ ಹಿರಿಮೆಯಿದೆ. ಅದನ್ನು ಅಷ್ಟಕ್ಕೇ ನಂಬಲು ಮನಸ್ಸಾಗಲಿಲ್ಲ. ನಾನು ಬಯಸಿದ್ದಾದರೂ ಏನನ್ನು? ಎಲ್ಲರೂ ಮುಖ ಇಳಿಬಿಟ್ಟು ಮೌನವಾಗಿ ನಿಲ್ಲಬೇಕಿತ್ತೇ? ವರ್ಷಾನುಗಟ್ಟಲೆ ಇತಿಹಾಸ ಪಾಠ ಮಾಡಿದವನು ನಾನು. ತರಗತಿಯ ಮೌನ ಎಷ್ಟೋ ಸಲ ನಿದ್ದೆಯ ಮೌನವಾಗಿರುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಂಭೀರವಾದ ಮುಖವೇ ನೆನಪಿನ ಗುರುತು ಎಂದು ತಿಳಿಯುವುದಕ್ಕೆ ಆಧಾರ ಸಾಲದು.

ಗುಂಬಜಿನ ಮೆಟ್ಟಿಲ ಬಳಿ ಇದೇ ಗುಂಪು ಬೇರೆಯೇ ಆಯಿತು. ಅಲ್ಲಿ ಚಪ್ಪಲಿ ಕಳಚಬೇಕು. ಕಳಚಿದ ಕೂಡಲೇ ದನಿ ತಗ್ಗಿತು, ಮಕ್ಕಳೂ ಸುಮ್ಮನಾದರು. ತಂದೆ ಹೈದರ್ ಅಲಿಗೂ ತಾಯಿ ಫಾತಿಮಾಳಿಗೂ ಟಿಪ್ಪು ಕಟ್ಟಿಸಿದ ಈ ಗೋರಿಯಲ್ಲಿ 1799ರ ಮೇ 5ರಂದು ಅವನನ್ನೂ ಮಣ್ಣು ಮಾಡಿದರು. ಕರಿಯ ಕಂಬಗಳ ಮೊಗಸಾಲೆ, ಒಳಗೋಡೆಗೆ ಹುಲಿಯ ಪಟ್ಟೆಗಳ ಬಣ್ಣ, ಮೂರು ಗೋರಿಗಳ ಮೇಲೆ ಹೂವು. ಸತ್ತವರ ಮುಂದೆ ಹೇಗೆ ನಿಲ್ಲಬೇಕೆಂದು ನಮಗೆಲ್ಲ ಚಿಕ್ಕಂದಿನಿಂದ ಗೊತ್ತು. ಜಾತಿ ಮತ ಬೇರೆಯಾದರೂ ಆ ಶಿಷ್ಟಾಚಾರ ಹೆಚ್ಚು ಬೇರೆಯಲ್ಲ. ಸೆರೆಯ ಮುಂದೆ ಹೇಗೆ ನಿಲ್ಲಬೇಕೆಂದು ಮಾತ್ರ ಯಾವ ಮನೆಯಲ್ಲೂ ಕಲಿಸಿಲ್ಲ. ಮಕ್ಕಳು ನಕ್ಕದ್ದು ಹೃದಯ ಕಲ್ಲಾಗಿದ್ದರಿಂದಲ್ಲ, ಅಲ್ಲಿಗೆ ಹೊಂದುವ ನಡವಳಿಕೆಯೊಂದು ಅವರ ಕೈಗೆ ಸಿಕ್ಕಿರಲಿಲ್ಲ.

ನಮ್ಮ ಜೊತೆ ಬಂದಿದ್ದ ನೆರೆಮನೆಯ ಬಾಯಮ್ಮ ಎಂಬತ್ತರ ಹತ್ತಿರದವರು. ನೆಲಮಾಳಿಗೆಯಲ್ಲಿ ಗೈಡ್ ಬೈಲಿ, ಬೇರ್ಡ್, ಲಿಂಡ್ಸೆ ಎಂದು ಅಲ್ಲಿ ಸೆರೆಯಲ್ಲಿದ್ದ ಇಂಗ್ಲಿಷರ ಹೆಸರುಗಳನ್ನು ಹೇಳಿ ಮುಗಿಸಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

"ನಮ್ಮವರನ್ನು ಇಟ್ಟದ್ದು ಎಲ್ಲಿ?"

"ಯಾವ ನಿಮ್ಮವರು, ಅಮ್ಮಾ?" ಎಂದ ಗೈಡ್. ಅವನ ದನಿಯಲ್ಲಿ ಉಡಾಫೆಯಿರಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಬಾಯಮ್ಮ ನನ್ನ ಕಡೆ ತಿರುಗಿದರು. "ಮಾಷ್ಟ್ರೇ, ನೀವೇ ಹೇಳಿ ಅವನಿಗೆ. ನಮ್ಮ ಅಜ್ಜನವರು ಹೇಳ್ತಿದ್ದರು, ಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು ಅಂತ. ಜಾಗ ಉಂಟಲ್ಲ?"

ನಾನು ಹೇಳಬಹುದಾಗಿದ್ದದ್ದು ಇಷ್ಟು. 1783ರಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಮಂಗಳೂರನ್ನು ಹಿಡಿದಾಗ ಇಲ್ಲಿಯ ಕ್ರೈಸ್ತರು ಅವನಿಗೆ ನೆರವಾದರೆಂಬ ಗುಮಾನಿ ಟಿಪ್ಪುವಿಗಿತ್ತು. ಊರು ಮತ್ತೆ ಕೈಗೆ ಬಂದ ಮೇಲೆ, 1784ರ ಫೆಬ್ರವರಿಯ ಕೊನೆಯ ವಾರ, ಬೂದಿ ಬುಧವಾರದಂದು ಕೆನರಾದ ಕೊಂಕಣಿ ಕ್ರೈಸ್ತರನ್ನು ಸೆರೆಹಿಡಿಯಲಾಯಿತು. ಎಷ್ಟು ಜನರೆಂಬ ಲೆಕ್ಕದಲ್ಲಿ ಒಮ್ಮತವಿಲ್ಲ. 30,000ದಿಂದ 80,000ದವರೆಗೆ ಬೇರೆ ಬೇರೆ ಅಂಕಿಗಳಿವೆ. ಘಟ್ಟ ಹತ್ತಿಸಿ, ವಾರಗಟ್ಟಲೆ ನಡೆಸಿ ಅವರನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ದಾರಿಯಲ್ಲಿ ಅಳಿದವರು ಅನೇಕರು. ಉಳಿದವರಿಗೆ ಬಿಡುಗಡೆ ಬಂದದ್ದು ಹದಿನೈದು ವರ್ಷಗಳಾದ ಮೇಲೆ, 1799ರ ಮೇ 4ರಂದು ಕೋಟೆ ಬಿದ್ದಾಗ. 1568ರಲ್ಲಿ ಸ್ಥಾಪನೆಯಾಗಿದ್ದ ನಮ್ಮ ರೊಸಾರಿಯೊ ಇಗರ್ಜಿ ನೆಲಸಮವಾದದ್ದೂ ಆ 1784ರಲ್ಲೇ.

ಈ ಕಥೆಯೊಳಗೆ ನಾನು ಪಾಠಗಳಲ್ಲಿ ಬೇರೆ ಬೇರೆಯಾಗಿ ಹೇಳುತ್ತಿದ್ದ, ಒಟ್ಟಿಗಿಟ್ಟು ನೋಡಿರದ ಎರಡು ತಾರೀಕುಗಳಿವೆ. ಬೂದಿ ಬುಧವಾರ ಕಳೆದು ಎರಡು ವಾರಗಳಾಗುವಷ್ಟರಲ್ಲಿ, 1784ರ ಮಾರ್ಚ್ 11ರಂದು, ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಟಿಪ್ಪುವಿನ ಸೆರೆಯಲ್ಲಿದ್ದ ಇಂಗ್ಲಿಷರ ಬಿಡುಗಡೆಗೆ ದಾರಿಯಾದದ್ದು ಆ ಒಪ್ಪಂದ. ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಬಂಧನದಲ್ಲಿದ್ದ ಡೇವಿಡ್ ಬೇರ್ಡ್ ಹೊರಬಂದದ್ದು ಅದರಿಂದ. ಅಂದರೆ ನಮ್ಮೂರಿನ ಹೆಸರು ಹೊತ್ತ ಕಾಗದವೊಂದು ಪಟ್ಟಣದ ಸೆರೆಯ ಬಾಗಿಲನ್ನು ತೆರೆಯುತ್ತಿದ್ದ ದಿನಗಳಲ್ಲೇ ನಮ್ಮೂರಿನ ಜನ ಅದೇ ಪಟ್ಟಣದ ಕಡೆಗೆ ನಡೆಯುತ್ತಿದ್ದರು. ಅವರು ಬಂದು ತಲುಪಿದಾಗ ಗುಂಬಜಿನ ಗಾರೆ ಇನ್ನೂ ಹೊಸದು. ದರಿಯಾ ದೌಲತ್ ಕೂಡ ಆ ವರ್ಷದ್ದೇ. ನಾವು ಟಿಕೆಟ್ಟು ಕೊಂಡು ನೋಡಿದ ಕಟ್ಟಡಗಳನ್ನು ಅವರು ಎದ್ದೆದ್ದು ಕಾಣುವ ಹೊಸತನದಲ್ಲಿ ನೋಡಿರಬೇಕು.

ಹಾಗಿದ್ದರೂ ಬಾಯಮ್ಮನ ಪ್ರಶ್ನೆಗೆ ಬೆರಳು ಮಾಡಿ ತೋರಿಸಬಹುದಾದ ಜಾಗವೊಂದು ನಮ್ಮ ಹಗಲಿನಲ್ಲಿ ಇರಲಿಲ್ಲ. ಇದರ ಬಗ್ಗೆ ಯೋಚಿಸಿದಷ್ಟೂ ನನಗೆ ಅನ್ನಿಸುವುದು ಹೀಗೆ. ಪ್ರವಾಸದ ಪಟ್ಟಿಯನ್ನು ಬರೆಯುವವನು ಗೈಡಲ್ಲ, ಕಂಪೆನಿಯವನೂ ಅಲ್ಲ. ಉಳಿದ ಗೋಡೆಗಳು ಬರೆಯುತ್ತವೆ. ಇಟ್ಟಿಗೆಯ ಕಮಾನು ಉಳಿದ ಕಡೆ ಬಸ್ಸು ನಿಲ್ಲುತ್ತದೆ. ಆದರೆ ಬಹುಪಾಲು ಸೆರೆಗಳಿಗೆ ಕಮಾನಿರುವುದಿಲ್ಲ. ಘಟ್ಟದ ದಾರಿ ಒಂದು ಸೆರೆ, ಕಾವಲಿನ ಬಯಲು ಒಂದು ಸೆರೆ, ಹದಿನೈದು ಮಳೆಗಾಲಗಳು ಒಂದು ಸೆರೆ. ಅವುಗಳೊಳಕ್ಕೆ ಇಳಿಯಲು ಮೆಟ್ಟಿಲಿಲ್ಲ, ತಲೆಗೆ ತಗಲುವ ಚಾವಣಿಯಿಲ್ಲ, ಫೋಟೋಕ್ಕೆ ಒದಗುವ ತೂತುಗಳಿಲ್ಲ. ನೆಲದಡಿಯ ಕತ್ತಲೆಗಿರುವ ದೊಡ್ಡ ಅನುಕೂಲವೆಂದರೆ ಅದು ಕೂಡಲೇ ಮೈಗೆ ತಟ್ಟುತ್ತದೆ, ಮೈಗೆ ತಟ್ಟಿದ್ದನ್ನು ನಾವು ತಿಳಿದೆವು ಎಂದುಕೊಳ್ಳುತ್ತೇವೆ. ಹತ್ತು ನಿಮಿಷದ ತಂಪನ್ನು ಒಬ್ಬನ ಬಂಧನದ ಅರಿವೆಂದು ಒಪ್ಪಿಕೊಂಡು ಮೇಲೆ ಬರುತ್ತೇವೆ.

ಬೈಲಿಯ ವಿಷಯವನ್ನೇ ನೋಡಿ. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಸೋತು ಸೆರೆಸಿಕ್ಕವನು; 1782ರ ನವೆಂಬರಿನಲ್ಲಿ ಪಟ್ಟಣದಲ್ಲೇ ತೀರಿಕೊಂಡ. ಸೋತವನಿಗೆ ಆ ಒಂದೇ ಊರಿನಲ್ಲಿ ಮೂರು ಜಾಗಗಳಿವೆ. ನೆಲಮಾಳಿಗೆಗೆ ಅವನ ಹೆಸರು. ದರಿಯಾ ದೌಲತಿನ ಪಡುವಣ ಗೋಡೆಯ ಚಿತ್ರದಲ್ಲಿ ಸುತ್ತ ಸೈನ್ಯದ ನಡುವೆ ಪಲ್ಲಕ್ಕಿಯಲ್ಲಿ ಅವನು. ಗುಂಬಜಿನ ತೋಟದಲ್ಲಿ, ಗೆದ್ದವನ ಗೋರಿಗೆ ಕೂಗಳತೆಯಲ್ಲಿ, ಲಖನೌದಲ್ಲಿ ರೆಸಿಡೆಂಟನಾಗಿದ್ದ ಅವನ ಬಂಧು 1816ರಲ್ಲಿ ನಿಲ್ಲಿಸಿದ ಸ್ಮಾರಕ. ಬೇರ್ಡನ ತಾಯಿಯ ಮಾತೊಂದು ಕೂಡ ಉಳಿದುಬಂದಿದೆ. ಕೈದಿಗಳನ್ನು ಇಬ್ಬಿಬ್ಬರಂತೆ ಸರಪಳಿಯಿಂದ ಬಿಗಿದಿದ್ದಾರೆಂಬ ಸುದ್ದಿ ಸ್ಕಾಟ್ಲೆಂಡಿಗೆ ಮುಟ್ಟಿದಾಗ ಆಕೆ ಮಗನಿಗಾಗಿ ಮರುಗದೆ, ತನ್ನ ಸಿಡುಕನ ಜೊತೆ ಕಟ್ಟಿಸಿಕೊಂಡ ಆ ಪಾಪದವನಿಗಾಗಿ ಮರುಗಿದಳಂತೆ. ಓದಿದಾಗಲೆಲ್ಲ ನಗು ಬರುತ್ತದೆ. ಅದೇ ವರ್ಷಗಳಲ್ಲಿ ಘಟ್ಟದ ದಾರಿಯಲ್ಲಿ ಮಂಗಳೂರಿನ ಎಷ್ಟು ತಾಯಂದಿರು ಏನೇನು ಅಂದಿದ್ದರೋ, ಅದನ್ನು ಬರೆದಿಡಲು ರೆಸಿಡೆಂಟನಾದ ಬಂಧುವೊಬ್ಬ ಅವರಿಗಿರಲಿಲ್ಲ.

ಒಂದೇ ದಿನದಲ್ಲಿ ದುಃಖವನ್ನೂ ವಿನೋದವನ್ನೂ ಪೋಣಿಸುವುದೇ ತಪ್ಪೇನೋ ಎಂದೂ ಯೋಚಿಸಿದೆ. ಪೋಲೆಂಡಿನ ಕ್ರಾಕೋವಿಗೆ ಹೋಗಿಬಂದ ನನ್ನ ಅಕ್ಕನ ಮಗ ಇಂಥದೇ ಪ್ರವಾಸದ ವಿಷಯ ಹೇಳಿದ್ದ. ಬೆಳಗ್ಗೆ ಔಷ್ವಿಟ್ಸ್, ಮಧ್ಯಾಹ್ನ ವ್ಯೆಲಿಚ್ಕಾದ ಉಪ್ಪಿನ ಗಣಿ, ರಾತ್ರಿಯ ಊಟಕ್ಕೆ ಮತ್ತೆ ಊರು. ಮೊದಲನೆಯದರಲ್ಲಿ ಸುಮಾರು 11 ಲಕ್ಷ ಜನರನ್ನು ಕೊಂದರು. ಅವರಲ್ಲಿ ಹೆಚ್ಚುಕಡಿಮೆ ಹತ್ತು ಲಕ್ಷ ಮಂದಿ ಯಹೂದಿಗಳು. ಎರಡನೆಯದರಲ್ಲಿ ನೂರು ಮೀಟರ್ ಆಳದಲ್ಲಿ, ಉಪ್ಪನ್ನೇ ಕಡೆದು ಮಾಡಿದ ಪ್ರಾರ್ಥನಾ ಮಂದಿರವಿದೆ, ಉಪ್ಪಿನ ಹರಳುಗಳ ದೀಪಗುಚ್ಛಗಳಿವೆ. ಕೇಳಿದಾಗ ನನಗೆ ಹೇಸಿಗೆಯೆನಿಸಿತ್ತು. ಅವನು ಬೇರೆ ಮಾತು ಹೇಳಿದ: "ಮಾವ, ಬೆಳಗ್ಗೆ ಅದನ್ನು ನೋಡಿದ ಮೇಲೆ, ಮನುಷ್ಯರು ಕೈಯಾರೆ ಚಂದದ್ದನ್ನೂ ಮಾಡಿದ್ದಾರೆ ಅಂತ ಕಣ್ಣಿಗೆ ಕಾಣಬೇಕಿತ್ತು." ಈ ಮಾತನ್ನು ತಳ್ಳಿಹಾಕಲಾರೆ. ಹೆಣ ಸುಟ್ಟುಬಂದ ಮನೆಯಲ್ಲೂ ಒಲೆ ಹಚ್ಚುತ್ತಾರೆ. ಆದರೆ ನಾನು ಆಮೇಲೆ ಓದಿ ತಿಳಿದದ್ದೆಂದರೆ, 1944ರಲ್ಲಿ ಜರ್ಮನರು ಆ ಗಣಿಯೊಳಗೇ ವಿಮಾನದ ಭಾಗಗಳ ಕಾರ್ಖಾನೆ ತೆರೆಯಹೊರಟು, ಶಿಬಿರಗಳಿಂದ ಯಹೂದಿ ಸೆರೆಯಾಳುಗಳನ್ನು ತಂದು ದುಡಿಸಿದ್ದರು. ಹಗುರಾಗಲೆಂದು ಇಳಿದ ಗುಹೆಯಲ್ಲೂ ಬೆಳಗಿನ ನೆರಳಿತ್ತು. ಸ್ಮಾರಕ ಇದು, ಆಕರ್ಷಣೆ ಅದು ಎಂದು ಗೆರೆ ಎಳೆಯುವುದು ಟಿಕೆಟ್ಟಿನವನಿಗೆ ಅನುಕೂಲ. ನೆಲಕ್ಕೆ ಆ ಗೆರೆ ತಿಳಿದಿಲ್ಲ. ದರಿಯಾ ದೌಲತ್ ಬೇಸಗೆಯ ಅರಮನೆಯೆಂದು ಹಾಯಾಗಿ ಸುತ್ತುತ್ತಿದ್ದ ನಮ್ಮ ಮಕ್ಕಳು, ಮುಂಜಾನೆಯ ನೆಲಮಾಳಿಗೆಯ ಬೈಲಿಯೇ ಗೋಡೆಯ ಪಲ್ಲಕ್ಕಿಯಲ್ಲಿ ಕುಳಿತಿರುವುದನ್ನು ಗಮನಿಸದೆ ಮುಂದೆ ಹೋದರು.

ಹಾಗಾದರೆ ಬಾಯಮ್ಮನವರಿಗಾಗಿ ಅಲ್ಲೊಂದು ಕಲ್ಲು ನಿಲ್ಲಿಸಬೇಕೇ? ನನಗೆ ಉತ್ಸಾಹ ಬರುವುದಿಲ್ಲ. ಟಿಪ್ಪುವಿನ ಹೆಸರೆತ್ತಿದರೆ ಸಾಕು, ನೀನು ಯಾವ ಕಡೆಯವನೆಂದು ಕೇಳುವ ಕಾಲವಿದು. 2015ರಲ್ಲಿ ಸರ್ಕಾರ ಜಯಂತಿ ಆರಂಭಿಸಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ನಡುವೆ ಎಷ್ಟು ಗದ್ದಲ ನಡೆಯಿತೆಂದು ಕರಾವಳಿಯವರಿಗೆ ಹೇಳಬೇಕಿಲ್ಲ. ಅಂಥ ಹೊತ್ತಿನಲ್ಲಿ ಎದ್ದ ಕಲ್ಲು ಸತ್ತವರನ್ನು ನೆನೆಯುವುದಕ್ಕಿಂತ ಬದುಕಿರುವವರನ್ನು ಚುಚ್ಚಲು ಬಳಕೆಯಾದೀತು. ಅಲ್ಲದೆ ಈ ನೆನಪು ಕಲ್ಲಿಲ್ಲದೆಯೂ ಉಳಿದುಬಂದಿದೆ. ವಿ. ಜೆ. ಪಿ. ಸಲ್ಡಾನ್ಹಾ ಕೊಂಕಣಿಯಲ್ಲಿ ಬರೆದ ಕಾದಂಬರಿಗಳಲ್ಲಿದೆ, ಅಜ್ಜಂದಿರ ಬಾಯಿಯಲ್ಲಿತ್ತು. ಆದರೆ ಇವೆಲ್ಲ ಒಂದು ಸಮುದಾಯದೊಳಗೇ ಉಳಿದ ನೆನಪುಗಳು. ಮಂಗಳಾದೇವಿಯ ರಥಬೀದಿಯಲ್ಲಿ ಬೆಳೆದ ನನಗೆ, ರೊಸಾರಿಯೊದ ಗಂಟೆ ಕೇಳಿಸುವಷ್ಟು ಹತ್ತಿರವಿದ್ದರೂ, ಈ ಸಂಗತಿ ಬಹುಕಾಲ ಪಠ್ಯದ ಒಂದು ಸಾಲಾಗಿತ್ತು. ನೆರೆಮನೆಯ ಅಜ್ಜನ ಅಜ್ಜ ನಡೆದ ದಾರಿಯೆಂದು ಹೊಳೆದದ್ದು ಬಾಯಮ್ಮ ಕೇಳಿದಾಗ. ಬೇಕಾದದ್ದು ಕಲ್ಲಲ್ಲ, ಆ ಪ್ರಶ್ನೆ ಎಲ್ಲರ ಮುಂದೆ ಕೇಳಿಬರುವುದು ಎಂದು ನಾನು ಸದ್ಯಕ್ಕೆ ತಿಳಿದಿದ್ದೇನೆ. ನೆಲಮಾಳಿಗೆಯಲ್ಲಿ ನಿಂತ ಗೈಡು ನೀರು ತುಂಬಿಸುವ ಕಥೆಯ ಬದಲು ಆ ಮಾರ್ಚಿನ ಎರಡು ಸುದ್ದಿಗಳನ್ನು ಹೇಳಿದರೆ ಒಂದು ನಿಮಿಷ ಸಾಕು. ಅದರಿಂದ ಯಾರ ಗೋರಿಗೂ ಅವಮಾನವಿಲ್ಲ.

ಗುಂಬಜಿನಲ್ಲಿ ಬಾಯಮ್ಮ ಮೂರು ಗೋರಿಗಳ ಮುಂದೆ ಸೆರಗು ಹೊದ್ದು ಸ್ವಲ್ಪ ಹೊತ್ತು ನಿಂತಿದ್ದರು. ಅವರ ಬಾಯಿಂದ ದೊಡ್ಡ ಮಾತೊಂದು ಬಂದೀತೆಂದು ನಾನು ಪಕ್ಕದಲ್ಲೇ ಇದ್ದೆ. "ಚಪ್ಪಲಿ ಅಲ್ಲೇ ಉಂಟಾ ನೋಡಿ ಮಾಷ್ಟ್ರೇ, ಹೊಸತು ಅದು" ಎಂದರು.

ಮುಂದಿನ ಪ್ರವಾಸಕ್ಕೆ ಘಟ್ಟ ಹತ್ತುವುದು ಬೇಡವೆಂದು ಗುಂಪಿನವರು ತೀರ್ಮಾನಿಸಿದ್ದಾರೆ, ಮೊಣಕಾಲುಗಳು ಕೇಳುವುದಿಲ್ಲ. ನಾನು ಮಂಗಳೂರಿನೊಳಗೇ ಒಂದು ಹಗಲಿನ ಸುತ್ತು ಸೂಚಿಸಿದ್ದೇನೆ: ಬೆಳಗ್ಗೆ ರೊಸಾರಿಯೊ, ಆಮೇಲೆ ಬೋಳೂರಿನ ಸುಲ್ತಾನ್ ಬತ್ತೇರಿ. ಒಂದು 1784ರಲ್ಲಿ ಬಿದ್ದದ್ದು, ಇನ್ನೊಂದು ಅದೇ ವರ್ಷ ಹೊಳೆಯ ಕಾವಲಿಗೆಂದು ಕರಿಗಲ್ಲಿನಲ್ಲಿ ಎದ್ದದ್ದು. ಬತ್ತೇರಿಯಲ್ಲಿ ಮದ್ದಿನ ಪುಡಿ ಇಡುತ್ತಿದ್ದ ನೆಲದಡಿಯ ಉಗ್ರಾಣವೂ ಇದೆ, ಮಕ್ಕಳಿಗೆ ಅದು ಹಿಡಿಸುತ್ತದೆ. ಈ ಸಲ ಗೈಡಿನ ಕೆಲಸ ನನ್ನದೇ. ಬತ್ತೇರಿಯ ನೆರಳಿನಲ್ಲಿ, ಚಹಾಕ್ಕೆ ಮೊದಲು, ಐದು ನಿಮಿಷ ಮಾತಾಡಲು ಬಿಡುತ್ತೇವೆ ಎಂದಿದ್ದಾರೆ. ಹತ್ತು ಕೇಳಿದ್ದೇನೆ.