ಬಾಗಿಲು ಎಳೆದ ಸದ್ದು

ಮದ್ದೂರಿನಿಂದ ಮಳವಳ್ಳಿಗೆ ಹೋಗುವಾಗ ಕೆ.ಎಂ. ದೊಡ್ಡಿಯ ಬಳಿ ಕಬ್ಬಿನ ಟ್ರ್ಯಾಕ್ಟರಿನಿಂದ ಚಾಚಿದ್ದ ಜಲ್ಲೆಯೊಂದು ನಮ್ಮ ವ್ಯಾನಿನ ಜಾರುಬಾಗಿಲಿನ ಗಾಜಿಗೆ ತಿವಿಯಿತು. ಗಾಜು ಕಲ್ಲುಸಕ್ಕರೆಯಂತೆ ಪುಡಿಯಾಗಿ ನನ್ನ ಮಡಿಲು ತುಂಬಿತು. ರಬ್ಬರಿನ ಪಟ್ಟಿಗೆ ಸಿಕ್ಕಿಸುವ ಹಳೆಯ ಕಾಲದ ಗಾಜಲ್ಲ, ಅಂಟಿನದು. ಮಂಡ್ಯದ ಹುಡುಗ ಹಳೇ ಅಂಟು ಹೆರೆದು, ಕರಿ ಪ್ರೈಮರ್ ಬಳಿದು, ಹೊಸ ಗಾಜು ಕೂರಿಸಿದ.

"ಅಕ್ಕಾ, ನಾಳೆಗಂಟ ಬಾಗ್ಲು ಜೋರಾಗಿ ಹಾಕ್ಬೇಡಿ. ಮುಂದಿನ ಗಾಜು ಒಂಚೂರು ಇಳಿಸಿರಿ. ಒಳಗಿನ ಗಾಳಿ ಹಸಿ ಅಂಟನ್ನ ತಳ್ಳಿಬಿಡ್ತದೆ."

ಸಂಜೆ ಮನೆಯವರ ಜೊತೆ ಮಾತಿಗೆ ಮಾತು ಬೆಳೆದು ಅದೇ ಬಾಗಿಲನ್ನು ದಡಾರನೆ ಎಳೆದೆ. ಸಿಟ್ಟು ಬಂದರೆ ನಮಗೆ ಬಾಗಿಲು, ಪಾತ್ರೆ ಬಿಟ್ಟು ಬೇರೇನು ಸಿಗುತ್ತದೆ ಹೇಳಿ!

ಎರಡೇ ದಿನಕ್ಕೆ ಮಳೆ ಬಂದು ಸೀಟು ನೆನೆಯಿತು. ಮನೆಯವರು ಹುಡುಗನ ಮೇಲೆ ಕೂಗಾಡಿದರು. ಅವನು ನನ್ನ ಕಡೆ ನೋಡಿ, "ಬಾಗ್ಲು ಎಳೆದ್ರಾ ಅಕ್ಕಾ?" ಎಂದ. ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ, ಸೆರಗು ಸರಿಮಾಡಿಕೊಂಡೆ. ಅವನು ತಂತಿ ಹಾಯಿಸಿ ಅಂಟು ಕೊಯ್ದು, ದುಡ್ಡು ಮುಟ್ಟದೆ ಮತ್ತೆ ಕೂರಿಸಿದ.

ಸುಳ್ಳು ಹೇಳಲಿಲ್ಲವಲ್ಲ ಎಂದುಕೊಂಡೆ. ಆದರೆ ಸುಳ್ಳಿಗೆ ನಾಲಿಗೆಯೇ ಬೇಕೆ? ಗಂಡನೆದುರು ಚಿಕ್ಕವಳಾಗಬಾರದೆಂದು ಒಬ್ಬನ ಒಂದು ದಿನದ ಕೂಲಿ ತಿಂದಿದ್ದೆ.

ಮುಂದಿನ ವಾರ ಮದ್ದೂರು ವಡೆ ಕಟ್ಟಿಸಿಕೊಂಡು, ಕೂಲಿಯನ್ನೂ ತೆಗೆದುಕೊಂಡು ಹೋದೆ. ವಡೆ ತಗೊಂಡ, ದುಡ್ಡು ಯಾಕೆಂದು ಕೇಳಿದ. ಆಗ ಹೇಳಿದೆ.

ಮನೆಯವರಿಗೆ ಇನ್ನೂ ಹೇಳಿಲ್ಲ.